ಹಲಗೆಯ ಮೇಲಿನ ಹೆಸರೂ ಮಕ್ಕಳ ಮುಂದಿನ ದಾರಿಯೂ

ವಾರ್ಷಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ವರ್ಷಕ್ಕೊಂದು ಸಂತೆ ನೆರೆಯುತ್ತದೆ. ಇಲ್ಲಿ ಮೆಕ್ಕೆಜೋಳವಿಲ್ಲ, ಭತ್ತವಿಲ್ಲ. ಮಾರಾಟಕ್ಕಿರುವುದು ಶಾಲೆಯ ಸೀಟು. ರಸ್ತೆಯ ಬದಿಗೆ ಆಳೆತ್ತರದ ಹಲಗೆಗಳು. ಟೈ ಕಟ್ಟಿ ನಗುವ ಮಕ್ಕಳ ಚಿತ್ರಗಳು. ಮೇಲೆ ದಪ್ಪಕ್ಷರದಲ್ಲಿ 'ಇಂಟರ್‌ನ್ಯಾಷನಲ್' ಎಂಬ ಮಾತು. ಅಕ್ಕಿ ಗಿರಣಿಯ ಹಮಾಲ, ಪಾಳಿ ಮುಗಿಸಿ ಬರುವ ಕಾರ್ಖಾನೆಯ ಕೆಲಸಗಾರ, ಚೌಕಿಪೇಟೆಯ ಚಿಲ್ಲರೆ ವ್ಯಾಪಾರಿ ಎಲ್ಲರೂ ಆ ಹಲಗೆಯ ಕೆಳಗೆ ಒಂದು ಗಳಿಗೆ ನಿಲ್ಲುತ್ತಾರೆ. ಮಗ ಏಳನೆಯ ತರಗತಿ ಪಾಸಾಗಿದ್ದಾನೆ. ಹೈಸ್ಕೂಲಿಗೆ ಎಲ್ಲಿ ಹಾಕುವುದು?

ಹೀಗೆ ಕೇಳುವವರನ್ನು ಗೇಲಿ ಮಾಡುವುದು ಕೆಲವು ದೊಡ್ಡವರಿಗೆ ಚಟವಾಗಿದೆ. ಬಡವನಿಗೇಕೆ ಇಂಗ್ಲಿಷಿನ ವ್ಯಾಮೋಹ ಎನ್ನುವರು. ಹಾಗೆನ್ನುವವರ ಸ್ವಂತ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿರುವರೆಂದು ಮಾತ್ರ ಯಾರೂ ಕೇಳಕೂಡದು! ತನ್ನ ಮಗ ತನ್ನಂತೆ ಮೂಟೆ ಹೊರಬಾರದು, ತನ್ನ ಮಗಳು ಮಂಡಕ್ಕಿ ಭಟ್ಟಿಯ ಹೊಗೆ ಕುಡಿಯಬಾರದು ಎಂದು ಬಯಸುವುದು ದುರಾಸೆಯಲ್ಲ, ನ್ಯಾಯವಾದ ಆಸೆ. ಆದರೆ ನ್ಯಾಯವಾದ ಆಸೆಗೆ ಮೋಸದ ಬೆಲೆ ತೆರಬೇಕಾಗಿಲ್ಲ. ಹತ್ತಿ ಕೊಳ್ಳುವವನು ಅಂಡಿಗೆಯ ಮೇಲಿನ ಮುದ್ರೆ ನೋಡಿ ಹಣ ಎಣಿಸುವುದಿಲ್ಲ. ಎಳೆ ಹಿಡಿದು ಎಳೆದು ನೋಡುತ್ತಾನೆ. ಶಾಲೆಯನ್ನೂ ಹಾಗೆಯೇ ಎಳೆದು ನೋಡಬೇಕು ಎಂಬುದೇ ನಮ್ಮ ಮಾತು.

ಈ 'ಇಂಟರ್‌ನ್ಯಾಷನಲ್' ಎಂಬುದರ ಹುಟ್ಟನ್ನು ಮೊದಲು ತಿಳಿಯೋಣ. ರಾಯಭಾರಿಗಳು, ವಿಶ್ವಸಂಸ್ಥೆಯ ನೌಕರರು ಮೊದಲಾದವರು ದೇಶದಿಂದ ದೇಶಕ್ಕೆ ವರ್ಗವಾಗುತ್ತಿರುತ್ತಾರೆ. ಅವರ ಮಕ್ಕಳು ಎಲ್ಲಿ ಓದಿದರೂ ಯಾವ ದೇಶದ ವಿಶ್ವವಿದ್ಯಾನಿಲಯಕ್ಕಾದರೂ ಸೇರಲು ಅನುವಾಗಲೆಂದು 1968ರಲ್ಲಿ ಜಿನೀವಾ ನಗರದಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪರೀಕ್ಷಾ ಮಂಡಲಿ ಐ.ಜಿ.ಸಿ.ಎಸ್.ಇ. ಎಂಬ ಪರೀಕ್ಷೆಯನ್ನು 1988ರಿಂದ ನಡೆಸುತ್ತಿದೆ. ಇವೆರಡೂ ಒಳ್ಳೆಯ ವ್ಯಾಸಂಗಗಳೇ. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಸಂಘವೂ ಇವುಗಳಿಗೆ ಸಮಾನತೆ ಕೊಟ್ಟಿದೆ. ಆದರೆ ಶಾಲೆಯ ಫೀ ಬೇರೆ, ವಿಷಯಕ್ಕಿಷ್ಟೆಂದು ಪರೀಕ್ಷೆಯ ಫೀ ಬೇರೆ. ದೇಶಾಂತರ ವರ್ಗವಾಗುವವರಿಗಾಗಿ ಹೊಲಿದ ಅಂಗಿ ಇದು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗಿಬರುವವನ ಮಗುವಿಗೆ ಇದರಿಂದ ಆಗುವ ಪ್ರಯೋಜನವೆಷ್ಟು ಎಂದು ಯೋಚಿಸಬೇಕು.

ಇರಲಿ. ಹಲಗೆಯ ಮೇಲೆ ಆ ಮಾತು ಬರೆಸಿದ ಶಾಲೆಗಳೆಲ್ಲ ಆ ವ್ಯಾಸಂಗವನ್ನಾದರೂ ಕೊಡುತ್ತವೆಯೆ? ಇಲ್ಲ. ನಮ್ಮ ರಾಜ್ಯದಲ್ಲಿ ಈ ಹೆಸರಿಟ್ಟುಕೊಂಡ ಎಷ್ಟೋ ಶಾಲೆಗಳು ಕಲಿಸುವುದು ಸಿ.ಬಿ.ಎಸ್.ಇ. ಪಠ್ಯ, ಮತ್ತೆ ಕೆಲವು ರಾಜ್ಯ ಸರ್ಕಾರದ ಪಠ್ಯ. ಸಿ.ಬಿ.ಎಸ್.ಇ. ಮಂಡಲಿಯೇ 2010ರಲ್ಲಿ ಅಂತರರಾಷ್ಟ್ರೀಯ ಪಠ್ಯಕ್ರಮವೊಂದನ್ನು ಆರಂಭಿಸಿ 2017ರಲ್ಲಿ ನಿಲ್ಲಿಸಿಬಿಟ್ಟಿತು. ಈ ನೆಲದ ಪಠ್ಯ ಕಲಿಸುವುದು ತಪ್ಪಲ್ಲ. ಬೆಂಗಳೂರಿನ ಪುಸ್ತಕವನ್ನು ಜಿನೀವಾದ ಬೆಲೆಗೆ ಮಾರುವುದು ತಪ್ಪು.

ಆದ್ದರಿಂದ ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿರಿ.

ಮೊದಲನೆಯದು: ಹತ್ತನೆಯ ತರಗತಿಯ ಅಂಕಪಟ್ಟಿಯ ಮೇಲೆ ಯಾರ ಮೊಹರು ಬೀಳುತ್ತದೆ? 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತಂದೆತಾಯಿಗಳು ಶಾಲೆಯ ಗೇಟಿನ ಮುಂದೆ ನಿಂತು ಪ್ರತಿಭಟಿಸಬೇಕಾಯಿತು. ಸಿ.ಬಿ.ಎಸ್.ಇ. ಎಂದು ನಂಬಿ ಹಣ ಕಟ್ಟಿದ್ದವರಿಗೆ ಆ ಮಂಡಲಿಯ ಮಾನ್ಯತೆ ಶಾಲೆಗಿಲ್ಲವೆಂಬುದು ಆಗ ತಿಳಿಯಿತು. ರಾಜಧಾನಿಯ ಓದಿದ ಜನರಿಗೇ ಹೀಗಾದರೆ ನಮ್ಮ ಪಾಡೇನು? ಮಾನ್ಯತೆಯ ಪತ್ರವನ್ನು ಕಣ್ಣಾರೆ ನೋಡಿರಿ. ಯಾವ ಮಂಡಲಿ, ಯಾವ ನಂಬರು, ಎಷ್ಟನೆಯ ತರಗತಿಯವರೆಗೆ, ಯಾವ ವರ್ಷದವರೆಗೆ ಎಂದು ಬರೆದುಕೊಳ್ಳಿರಿ. ಬಿ.ಇ.ಓ. ಕಛೇರಿಗೆ ಹೋಗಿ ತಾಳೆ ನೋಡಿರಿ. ಸಿ.ಬಿ.ಎಸ್.ಇ.ಯಲ್ಲಿ ಹತ್ತರ ಪರೀಕ್ಷೆಗೆ ಒಂಬತ್ತನೆಯ ತರಗತಿಯಲ್ಲಿಯೇ ಹೆಸರು ನೋಂದಾಯಿಸಬೇಕು; ಆಮೇಲೆ ಶಾಲೆ ಬದಲಿಸುವುದು ಸುಲಭವಲ್ಲ. ವಿಚಾರಣೆ ಏನಿದ್ದರೂ ಅದಕ್ಕೆ ಮೊದಲೇ ಮುಗಿಯಬೇಕು.

ಎರಡನೆಯದು: ಹತ್ತು ಮುಗಿಯುವವರೆಗಿನ ಒಟ್ಟು ಖರ್ಚು ಎಷ್ಟು? ಮೊದಲ ವರ್ಷದ ಫೀಯನ್ನು ಚೀಟಿ ಎತ್ತಿಯೋ ಕೈಸಾಲ ಮಾಡಿಯೋ ಕಟ್ಟಿಬಿಡಬಹುದು. ಪ್ರತಿ ವರ್ಷದ ಏರಿಕೆ, ಬಸ್ಸು, ಸಮವಸ್ತ್ರ, ಪುಸ್ತಕ, ಬೂಟು, ಪ್ರವಾಸ ಇವನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದು ಕೂಡಿರಿ. ಅನುದಾನವಿಲ್ಲದ ಶಾಲೆಗಳ ಫೀಯನ್ನು ಸರ್ಕಾರ ನಿಯಂತ್ರಿಸುವ ಕಾನೂನಿನ ಕಲಮನ್ನು 2023ರಲ್ಲಿ ಹೈಕೋರ್ಟು ರದ್ದುಮಾಡಿದೆ. ಫೀ ಏರಿದರೆ ಹಿಡಿದು ನಿಲ್ಲಿಸುವ ಕೈ ಸಡಿಲವಾಗಿದೆ. ಕಡ್ಡಾಯ ಶಿಕ್ಷಣದ ಕಾಯಿದೆಯ 25 ಪಾಲು ಸೀಟಿನಲ್ಲಿ ಸೇರಿದ ಮಕ್ಕಳಿಗೂ ಉಚಿತವೆಂಬುದು ಎಂಟನೆಯ ತರಗತಿಗೇ ಮುಗಿಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ದಿನ ಪೂರ್ತಿ ಫೀ.

ದುಡಿಯುವವನ ಸಂಬಳಕ್ಕೆ ಐದು ವರ್ಷದ ಭರವಸೆ ಉಂಟೆ? ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿಸಿಕೊಂಡ ಈ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ನಾವು ಬಲ್ಲೆವು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಗಿ ದೇಶಕ್ಕೆಲ್ಲ ಲೇತ್ ಯಂತ್ರ ಕೊಟ್ಟ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಗೇಟಿಗೆ ಬೀಗ ಬಿದ್ದ ವರ್ಷ ಮಗು ಒಂಬತ್ತನೆಯ ತರಗತಿಯಲ್ಲಿದ್ದರೆ ಗತಿ ಏನು? ಸಂಪಾದನೆ ಅರ್ಧಕ್ಕೆ ಇಳಿದರೂ ಕಟ್ಟಬಲ್ಲ ಫೀ ನಿಮ್ಮ ಫೀ. ಅದಕ್ಕಿಂತ ಮೇಲಿನದು ಬೇರೆಯವರದು.

ಮೂರನೆಯದು: ಹತ್ತರ ಮುಂದೆ ದಾರಿ ಎಲ್ಲಿಗೆ? ನಮ್ಮ ಮಕ್ಕಳಲ್ಲಿ ಬಹುಮಂದಿ ಹೋಗುವುದು ಪಿ.ಯು.ಗೆ, ಡಿಪ್ಲೊಮಾಕ್ಕೆ, ಐ.ಟಿ.ಐ.ಗೆ, ಅಲ್ಲಿಂದ ಸಿ.ಇ.ಟಿ., ನೀಟ್. ಪಿ.ಯು. ವಿಜ್ಞಾನಕ್ಕೂ ನೀಟ್‌ಗೂ ಆಧಾರ ಎನ್.ಸಿ.ಇ.ಆರ್.ಟಿ. ಪುಸ್ತಕಗಳೇ. ಇನ್ನೊಂದು ಸಂಗತಿಯನ್ನು ಹಲಗೆ ಹಾಕಿದವರು ಎಂದೂ ಹೇಳುವುದಿಲ್ಲ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ 5, ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15 ಮೀಸಲುಂಟು. ರಾಜ್ಯ ಸರ್ಕಾರದ ನೌಕರಿಯಲ್ಲಿಯೂ ಕನ್ನಡ ಮಾಧ್ಯಮಕ್ಕೆ ನೂರಕ್ಕೆ 5 ಉಂಟು. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷು ಮಾಧ್ಯಮಕ್ಕೆ ಹಾಕಿದರೆ, ಏಳು ವರ್ಷ ಕಟ್ಟಿದ ಚೀಟಿಯನ್ನು ಕೊನೆಯ ಕಂತಿನಲ್ಲಿ ಬಿಟ್ಟಂತೆ. ಬಿಡಲೇಬಾರದೆಂದು ನಾವು ಹೇಳುವುದಿಲ್ಲ; ಏನನ್ನು ಬಿಡುತ್ತಿದ್ದೇವೆಂದು ತಿಳಿದು ಬಿಡಿರಿ.

ನಾಲ್ಕನೆಯದು: ಪಾಠ ಹೇಳುವವರು ಯಾರು? ಕಟ್ಟಡ ಕಲಿಸುವುದಿಲ್ಲ, ಎ.ಸಿ. ಬಸ್ಸು ಕಲಿಸುವುದಿಲ್ಲ. ಗಣಿತದ ಮಾಸ್ತರು ಎಷ್ಟು ಓದಿದ್ದಾರೆ? ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಸಂಬಳ ಸರಿಯಾಗಿ ಸಿಗದೆ ವರ್ಷಕ್ಕೊಬ್ಬರು ಬಿಟ್ಟು ಹೋಗುವ ಶಾಲೆಯಲ್ಲಿ ಮಗುವಿಗೆ ಸಿಗುವುದು ಟೈ ಮಾತ್ರ. ಕನ್ನಡ ಕಲಿಸುತ್ತಾರೆಯೆ ಎಂದೂ ಕೇಳಿರಿ. ಯಾವ ಪಠ್ಯದ ಶಾಲೆಯೇ ಆಗಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸತಕ್ಕದ್ದೆಂದು 2015ರ ಕನ್ನಡ ಭಾಷಾ ಕಲಿಕಾ ಕಾಯಿದೆ ವಿಧಿಸುತ್ತದೆ. ತನ್ನ ತಾಯಿಗೆ ಬಂದ ಕಾಗದವನ್ನು ಓದಿ ಹೇಳಲಾರದ ಮಗು ಎಲ್ಲಿಯ ಅಂತರರಾಷ್ಟ್ರೀಯ?

ಈ ನಾಲ್ಕಕ್ಕೂ ಸರಿಯಾದ ಉತ್ತರ ಕೊಡುವ ಖಾಸಗಿ ಶಾಲೆ ಇದ್ದು, ನಿಮ್ಮ ಕೈಗೆ ಎಟುಕಿದರೆ ಸಂತೋಷದಿಂದ ಸೇರಿಸಿರಿ. ಎಟುಕದಿದ್ದರೆ ಎದೆಗುಂದಬೇಕಾಗಿಲ್ಲ. ಮಗು ಇನ್ನೂ ಐದನೆಯ ತರಗತಿಯಲ್ಲಿದ್ದರೆ ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯ ನವೋದಯ ವಿದ್ಯಾಲಯದ ಪರೀಕ್ಷೆಗೆ ಕೂಡಿಸಿರಿ, ಸಿ.ಬಿ.ಎಸ್.ಇ. ಪಠ್ಯ, ಊಟ ವಸತಿ ಸಹಿತ, ನೂರಕ್ಕೆ 75 ಸೀಟು ಹಳ್ಳಿಯವರಿಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಆರರಿಂದ ಹತ್ತರವರೆಗೆ ಉಚಿತ. 2019ರಿಂದ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳು ಆರಂಭವಾದವು. ಫೀ ಇಲ್ಲದೆಯೂ ಇಂಗ್ಲಿಷು ಕಲಿಸಬಹುದೆಂದು ಸರ್ಕಾರವೇ ಒಪ್ಪಿದಂತಾಯಿತಲ್ಲವೆ?

ಒಪ್ಪಿದ ಮಾತನ್ನು ನಡೆಸಿಕೊಡುವುದು ಯಾವಾಗ? 2014ರಲ್ಲಿ ಸುಪ್ರೀಂ ಕೋರ್ಟು ಮಗುವಿನ ವ್ಯಾಸಂಗದ ಭಾಷೆಯನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಸಮೀಪದಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ 25 ಪಾಲಿನ ಸೀಟು ಇಲ್ಲವೆಂದಿತು. ಅದೇ ವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಸ್ಪಷ್ಟ: ಹಣವಂತನಿಗೆ ಆರಿಸುವ ಹಕ್ಕು, ಬಡವನಿಗೆ ಮನೆಯ ಪಕ್ಕದ ಸರ್ಕಾರಿ ಶಾಲೆ. ಸರಿ, ಹಾಗೆಯೇ ಆಗಲಿ. ಹಾಗಾದರೆ ಆ ಪಕ್ಕದ ಶಾಲೆಯಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಇಂಗ್ಲಿಷಿಗೂ ಕಾಯಂ ಉಪಾಧ್ಯಾಯರಿರಬೇಕು. ವರ್ಷ ವರ್ಷವೂ ಅತಿಥಿ ಶಿಕ್ಷಕರನ್ನು ಕರೆಸಿ ಮಾರ್ಚಿಯಲ್ಲಿ ಬೀಳ್ಕೊಡುವುದು ಸಾಕು. ಅತಿಥಿಯಿಂದ ಮನೆತನ ನಡೆಯುವುದಿಲ್ಲ.

ದುಡಿಯುವ ಬಂಧುಗಳೇ, ಶಾಲೆ ನೋಡಲು ಒಬ್ಬೊಬ್ಬರೇ ಹೋಗಬೇಡಿರಿ. ಒಬ್ಬನೇ ಹೋದವನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರೆ ಬಾಯಿ ಕಟ್ಟುತ್ತದೆ. ಒಂದು ಓಣಿಯ ಹತ್ತು ಮನೆಯವರು ಕೂಡಿ ಹೋಗಿ, ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳಿರಿ. ಅದೇ ಹತ್ತು ಮನೆಯವರು ಸರ್ಕಾರಿ ಹೈಸ್ಕೂಲಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೂ ಹೋಗಿ, ಖಾಲಿ ಇರುವ ಮಾಸ್ತರರ ಹುದ್ದೆಗಳ ಲೆಕ್ಕ ಕೇಳಿರಿ. ಕೂಲಿ ಏರಿಸಿಕೊಂಡದ್ದು ಒಬ್ಬೊಬ್ಬರೇ ಬೇಡಿದ್ದರಿಂದಲ್ಲ. ಒಳ್ಳೆಯ ಶಾಲೆಯೂ ಹಾಗೆ ಬೇಡಿ ಸಿಗುವುದಲ್ಲ; ಕೂಡಿ ಕೇಳಿ ಪಡೆಯುವುದು.