ಹಡಗಿನ ಮೇಷ್ಟ್ರು ಮಾಲ್ಮಿ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮಿನಿದೀವಿ ದ್ವೀಪಗಳ ಹಾಯಿಹಡಗುಗಳು ಮಂಗಳೂರಿನ ಬಂದರಿಗೆ ತೆಂಗಿನ ನಾರಿನ ಹುರಿ, ಕೊಬ್ಬರಿ ತಂದು ಅಕ್ಕಿ ಒಯ್ಯುತ್ತಿದ್ದವು. ಇಂದು ಲಕ್ಷದ್ವೀಪಕ್ಕೆ ಸೇರಿರುವ ಈ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಹಡಗು ದಾರಿ ತಪ್ಪಿದರೆ ದ್ವೀಪದ ಮನೆಗಳಲ್ಲಿ ಅನ್ನಕ್ಕೇ ತತ್ವಾರ.

ಹಡಗನ್ನು ಗುರಿ ಮುಟ್ಟಿಸುವ ಹೊಣೆ ಮಾಲ್ಮಿಯದು. ಈ ಪದದ ಮೂಲ ಅರಬ್ಬಿಯ 'ಮುಅಲ್ಲಿಮ್', ಅಂದರೆ ಕಲಿಸುವವನು. ಹಿರಿಯರ ಜೊತೆ ಹಡಗಿನಲ್ಲೇ ದುಡಿಯುತ್ತ ಗಾಳಿ, ನೀರಿನ ಸೆಳೆತ, ನಕ್ಷತ್ರಗಳನ್ನು ಕಲಿತವನು ಮಾಲ್ಮಿಯಾಗುತ್ತಿದ್ದ.

ಅವನ ಮುಂದಿದ್ದ ಲೆಕ್ಕ ಸುಲಭದ್ದಲ್ಲ. ಅಮಿನಿ ದ್ವೀಪ ಮಂಗಳೂರಿನಿಂದ ಸುಮಾರು 300 ಕಿ.ಮೀ. ದೂರ, ಉದ್ದ 3 ಕಿ.ಮೀ. ಕೂಡ ಇಲ್ಲ. ಭೂಮಿ ದುಂಡಗಿರುವುದರಿಂದ 15 ಮೀಟರ್ ಎತ್ತರದ ತೆಂಗಿನ ಮರದ ತುದಿ ಹಡಗಿನಲ್ಲಿದ್ದವರಿಗೆ ಕಾಣುವುದು ಸುಮಾರು 20 ಕಿ.ಮೀ. ಒಳಗೆ ಬಂದಾಗ ಮಾತ್ರ.

ಇಲ್ಲಿ ನೆರವಾಗುತ್ತಿದ್ದುದು ಧ್ರುವ ನಕ್ಷತ್ರ. ದಿಗಂತದಿಂದ ಅದು ಎಷ್ಟು ಡಿಗ್ರಿ ಮೇಲಿದೆಯೋ ನಾವಿರುವ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರಿನಲ್ಲಿ ಅದು ಸುಮಾರು 13, ಅಮಿನಿಯಲ್ಲಿ ಸುಮಾರು 11. ಅಳೆಯಲು ಅರಬ್ಬಿ ಸಮುದ್ರದ ನಾವಿಕರ ಹಳೆಯ ಸಾಧನ 'ಕಮಾಲ್': ಒಂದು ಪುಟ್ಟ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ದಾರ. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರವನ್ನು ಬಿಗಿಯಾಗಿ ಹಿಡಿಯಬೇಕು. ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗಿದರೆ, ಆ ಗಂಟಿನ ಅಕ್ಷಾಂಶಕ್ಕೆ ಬಂದಂತಾಯಿತು.

ರೇಖಾಂಶ ತಿಳಿಯಲು ನಿಖರವಾದ ಗಡಿಯಾರ ಬೇಕು. ಅದಿಲ್ಲದವರಿಗೆ ಇದ್ದ ಉಪಾಯವೆಂದರೆ, ದ್ವೀಪಕ್ಕೆ ಸಾಕಷ್ಟು ಪೂರ್ವದಲ್ಲೇ ಅದರ ಅಕ್ಷಾಂಶಕ್ಕೆ ಇಳಿದು, ಬಳಿಕ ನೇರ ಪಶ್ಚಿಮಕ್ಕೆ ಸಾಗುವುದು. ಅಳತೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೆ 55 ಕಿ.ಮೀ. ವ್ಯತ್ಯಾಸ, ದ್ವೀಪ ಕಣ್ಣಿಗೇ ಬೀಳದು. ಸಾಲದ್ದಕ್ಕೆ 1850ರ ಸುಮಾರಿಗೆ ಧ್ರುವ ನಕ್ಷತ್ರ ಆಕಾಶದ ನಿಜವಾದ ಧ್ರುವಬಿಂದುವಿನಿಂದ ಒಂದೂವರೆ ಡಿಗ್ರಿಯಷ್ಟು ದೂರವಿತ್ತು. ಈಗ ಆ ಅಂತರ ಮುಕ್ಕಾಲು ಡಿಗ್ರಿಗಿಂತ ಕಡಿಮೆ. ನಕ್ಷತ್ರ ಆ ಬಿಂದುವಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ನೋಡಿಕೊಂಡು ಲೆಕ್ಕ ಸರಿಪಡಿಸಬೇಕಿತ್ತು. ಸಾಧನ ಸರಳ, ವಿದ್ಯೆ ಸರಳವಲ್ಲ.

ಬೆಂಗಳೂರೂ ಮಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದ್ದರಿಂದ ಮಾಲ್ಮಿಯ ಮೊದಲ ಪಾಠವನ್ನು ವಿದ್ಯಾರ್ಥಿಗಳು ರಾಜಾಜಿನಗರದ ತಾರಸಿಯ ಮೇಲೂ ಕಲಿಯಬಹುದು. ಏಪ್ರಿಲ್ ತಿಂಗಳ ರಾತ್ರಿ ಉತ್ತರಕ್ಕೆ ಮುಖ ಮಾಡಿ, ಸಪ್ತರ್ಷಿ ಮಂಡಲದ ಪುಲಹ ಮತ್ತು ಕ್ರತು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಕ್ರತುವಿನಾಚೆ ಮುಂದುವರಿಸಿದರೆ ಧ್ರುವ ಸಿಗುತ್ತದೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಅದರ ಮೇಲೆ ಎರಡು ಬೆರಳು ಸುಮಾರು 3 ಡಿಗ್ರಿ. ಬೀದಿದೀಪಗಳ ಬೆಳಕು ಅಡ್ಡಬಂದರೆ ತಂದೆತಾಯಿ ಮಕ್ಕಳನ್ನು ಒಂದು ರಾತ್ರಿ ಕೆಂಗೇರಿಯ ಆಚೆ, ಕತ್ತಲಿರುವ ಕಡೆ ಕರೆದೊಯ್ಯಲಿ.