ಮೌನಕ್ಕೆ ನೆಪವಿರಬಹುದು, ಸುಳ್ಳುಸಾಕ್ಷ್ಯಕ್ಕೆ ಇಲ್ಲ

2022ರ ಅಕ್ಟೋಬರ್ 6ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ಒಂದು ಸಣ್ಣ ಪ್ರಶ್ನೆಯನ್ನು ಮತಕ್ಕೆ ಹಾಕಿತು. ಚೀನಾದ ಶಿನ್‌ಜಿಯಾಂಗ್‌ನಲ್ಲಿರುವ ಉಯಿಘರ್ ಮುಸ್ಲಿಮರ ಸ್ಥಿತಿಗತಿಯ ಕುರಿತು ಚರ್ಚಿಸಬಹುದೇ ಎಂಬುದಷ್ಟೇ ಆ ಪ್ರಶ್ನೆ. ಖಂಡನೆ, ದಿಗ್ಬಂಧನಗಳ ಮಾತೇ ಅಲ್ಲಿರಲಿಲ್ಲ. ಅಲ್ಲಿ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ಆಗಸ್ಟ್ ಕೊನೆಯಲ್ಲಿ ವರದಿ ನೀಡಿತ್ತು. ಚರ್ಚೆಯ ಪರವಾಗಿ 17, ವಿರುದ್ಧವಾಗಿ 19 ಮತಗಳು ಬಿದ್ದವು. 11 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಚರ್ಚೆ ನಡೆಯಲಿಲ್ಲ.

ವಿರುದ್ಧ ಮತ ಹಾಕಿದವರು ಯಾರು? ಪಾಕಿಸ್ತಾನ, ಇಂಡೋನೇಷ್ಯಾ, ಕತರ್, ಯುಎಇ. ನಮ್ಮ ಭಾರತ ಮತ್ತು ಮಲೇಷ್ಯಾ ತಟಸ್ಥವಾಗಿದ್ದವು. ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳ ಪೈಕಿ ಪರವಾಗಿ ನಿಂತದ್ದು ಬಡ ಸೋಮಾಲಿಯಾ ಒಂದೇ. 2019ರ ಜುಲೈಯಲ್ಲಿ ಇದಕ್ಕಿಂತಲೂ ಕೆಟ್ಟದ್ದು ನಡೆದಿತ್ತು. ಚೀನಾದ ಮಾನವ ಹಕ್ಕುಗಳ ಸಾಧನೆಯನ್ನು ಹೊಗಳಿದ ಪತ್ರಕ್ಕೆ ಸೌದಿ ಅರೇಬಿಯಾ, ಈಜಿಪ್ಟ್ ಮತ್ತು ಪಾಕಿಸ್ತಾನಗಳು ಸಹಿ ಹಾಕಿದ್ದವು.

ಕಾರಣ ಗುಟ್ಟೇನಲ್ಲ. ಕೊಲ್ಲಿಯ ತೈಲಕ್ಕೆ ಚೀನಾ ಬಹುದೊಡ್ಡ ಗಿರಾಕಿ. ಪಾಕಿಸ್ತಾನದ ಹೆದ್ದಾರಿ ಮತ್ತು ವಿದ್ಯುತ್ ಸ್ಥಾವರಗಳ ಹಿಂದೆ ಚೀನಾದ ಸಾಲವಿದೆ. ಇದಕ್ಕೆ ರಾಜತಾಂತ್ರಿಕತೆ ಎಂದು ಹೆಸರು.

ರಾಷ್ಟ್ರವೊಂದು ತನ್ನ ಜನರ ಹಿತ ನೋಡುವುದನ್ನು ನಾವು ಆಕ್ಷೇಪಿಸುತ್ತಿಲ್ಲ. ಸ್ವತಃ ಪ್ರವಾದಿ(ಸ)ರು ವಿರೋಧಿಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಆಡಳಿತಗಾರರ ಮೌನವನ್ನು ಸಮರ್ಥಿಸುವವರು ಹುದೈಬಿಯಾವನ್ನು ಉದಾಹರಿಸುವುದೂ ಉಂಟು: ಸಂಕೋಲೆಯೊಂದಿಗೆ ಓಡಿಬಂದ ಅಬೂ ಜಂದಲ್‌ರನ್ನು(ರ) ಒಪ್ಪಂದದಂತೆ ಅಂದು ಮಕ್ಕಾದವರಿಗೆ ಒಪ್ಪಿಸಲಾಗಲಿಲ್ಲವೇ ಎಂದು. ಹೌದು, ಒಪ್ಪಿಸಲಾಯಿತು. ಆದರೆ ಪ್ರವಾದಿ(ಸ)ರು ಅವರನ್ನು ಸಂತೈಸಿದರು, ಸಹನೆ ಬೋಧಿಸಿದರು, ಅಲ್ಲಾಹನು ದಾರಿ ತೋರುವನೆಂದು ಭರವಸೆಯಿತ್ತರು. ಆ ಸಂಕೋಲೆಯನ್ನು ನ್ಯಾಯವೆಂದು ಅವರು ಕರೆಯಲಿಲ್ಲ. ಅದನ್ನು ತೊಡಿಸಿದವರನ್ನು ಹೊಗಳಿ ಪತ್ರ ಬರೆಯಲಿಲ್ಲ. ಕೊಟ್ಟ ಮಾತಿಗೆ ಬದ್ಧರಾಗಿ ನೋವು ನುಂಗುವುದು ಬೇರೆ, ವ್ಯಾಪಾರಕ್ಕಾಗಿ ಸುಳ್ಳುಸಾಕ್ಷ್ಯ ನುಡಿಯುವುದು ಬೇರೆ.

ಹಾಗೆಂದು ಪರವಾಗಿ ಮತ ಹಾಕಿದ ಪಾಶ್ಚಾತ್ಯರು ನ್ಯಾಯದ ಕಾವಲುಗಾರರೇನೂ ಅಲ್ಲ. ಅಂದು ಉಯಿಘರರ ಪರ ಮತ ನೀಡಿದ ಅಮೆರಿಕವೇ 2023ರ ಡಿಸೆಂಬರ್ 8ರಂದು ಗಾಝಾದ ಕದನವಿರಾಮ ನಿರ್ಣಯವನ್ನು ಭದ್ರತಾ ಮಂಡಳಿಯಲ್ಲಿ ವೀಟೋ ಮಾಡಿತು. ಒಬ್ಬರಿಗೆ ಉಯಿಘರರ ಕಣ್ಣೀರು ಕಾಣುತ್ತದೆ, ಗಾಝಾದ ರಕ್ತ ಕಾಣುವುದಿಲ್ಲ. ಇನ್ನೊಬ್ಬರಿಗೆ ಗಾಝಾ ಕಾಣುತ್ತದೆ, ಉಯಿಘರರು ಕಾಣುವುದಿಲ್ಲ. ಲಾಭದ ಕನ್ನಡಕ ಇಬ್ಬರಿಗೂ ಒಂದೇ.

ಸಣ್ಣ ರಾಷ್ಟ್ರಗಳು ಏನು ತಾನೇ ಮಾಡಲು ಸಾಧ್ಯ ಎನ್ನುವವರು ಗ್ಯಾಂಬಿಯಾವನ್ನು ನೋಡಲಿ. ಆಫ್ರಿಕಾದ ಪಶ್ಚಿಮ ಕರಾವಳಿಯ ಈ ಪುಟ್ಟ ದೇಶವು 2019ರ ನವೆಂಬರ್‌ನಲ್ಲಿ ರೊಹಿಂಗ್ಯಾ ಮುಸ್ಲಿಮರಿಗಾಗಿ ಮ್ಯಾನ್ಮಾರ್ ವಿರುದ್ಧ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಕದ ತಟ್ಟಿತು. 57 ರಾಷ್ಟ್ರಗಳ ಇಸ್ಲಾಮಿಕ್ ಸಹಕಾರ ಸಂಘಟನೆ ಅದರ ಬೆನ್ನಿಗೆ ನಿಂತಿತು. 2020ರ ಜನವರಿ 23ರಂದು, ರೊಹಿಂಗ್ಯಾಗಳನ್ನು ನರಮೇಧದಿಂದ ರಕ್ಷಿಸಬೇಕೆಂದು ನ್ಯಾಯಾಲಯವು ಸರ್ವಾನುಮತದಿಂದ ಮಧ್ಯಂತರ ಆದೇಶ ನೀಡಿತು. ಅಂತಾರಾಷ್ಟ್ರೀಯ ಸಹಕಾರದಿಂದ ಏನು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಗ್ಯಾಂಬಿಯಾ 2022ರಲ್ಲಿ ಉಯಿಘರರ ವಿಷಯದಲ್ಲಿ ತಟಸ್ಥವಾಯಿತು. ಎದುರಾಳಿ ಮ್ಯಾನ್ಮಾರ್ ಆಗಿದ್ದಾಗ ಇದ್ದ ಧೈರ್ಯ, ಚೀನಾ ಆದಾಗ ಉಳಿಯಲಿಲ್ಲ.

ಇನ್ನು ನಮ್ಮ ಮಾತು. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫ್‌ನ ದುಡಿಮೆಯಿಂದ. ಆ ಋಣವನ್ನು ನಾವು ಮರೆಯಬಾರದು. ಆದರೆ ಅನ್ನದ ಋಣ ತೀರಿಸಲು ಅನ್ಯಾಯಕ್ಕೆ ಸಮ್ಮತಿ ನೀಡಬೇಕಾಗಿಲ್ಲ. ವಾಷಿಂಗ್ಟನ್‌ನ ಇಬ್ಬಗೆ ನೀತಿಯನ್ನು ಊಟದ ಹೊತ್ತಿನಲ್ಲಿ ಗಂಟೆಗಟ್ಟಲೆ ಟೀಕಿಸುವ ನಾವು, ರಿಯಾದ್ ಅಥವಾ ಇಸ್ಲಾಮಾಬಾದಿನ ಹೆಸರು ಬಂದೊಡನೆ ಮಾತು ಬದಲಿಸುತ್ತೇವೆ. ಮಕ್ಕಳು ಇದನ್ನು ಗಮನಿಸುತ್ತಾರೆ. ನ್ಯಾಯವೆಂದರೆ ನಮ್ಮವರ ಪರ ವಹಿಸುವುದು ಎಂದು ಅವರು ಕಲಿತುಬಿಡುತ್ತಾರೆ. ಸ್ವತಃ ನಿಮ್ಮ ಅಥವಾ ನಿಮ್ಮ ತಂದೆ ತಾಯಿಯರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ಎಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿರುವಾಗ, ದೂರದ ದೊರೆಗಳಿಗೆ ನಾವೇಕೆ ವಿನಾಯಿತಿ ಕೊಡಬೇಕು?

ಜಿನೀವಾದ ಮತಪೆಟ್ಟಿಗೆ ನಮ್ಮ ಕೈಯಲ್ಲಿಲ್ಲ. ನಮ್ಮ ನಾಲಗೆ ನಮ್ಮದೇ. ಅದಕ್ಕೆ ನಾಳೆ ನಾವೇ ಉತ್ತರಿಸಬೇಕಾಗಿದೆ. ಮರ್ದಿತರು ಯಾರೇ ಇರಲಿ, ಮರ್ದಕರು ಯಾರೇ ಆಗಿರಲಿ, ಸತ್ಯವನ್ನೇ ನುಡಿಯುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.