ಅರ್ಧದಾರಿಯಲ್ಲಿ ನಿಂತ ಗಣಕಯಂತ್ರ

ಮನೆಗೆ ಸುಣ್ಣ ಬಳಿಯುವ ದಿನ ಒಳಗೆ ಕಾಲಿಡಲು ಎಡೆಯಿರುವುದಿಲ್ಲ. ಪಾತ್ರೆಗಳು ಅಂಗಳದಲ್ಲಿ, ಹಾಸಿಗೆಗಳು ಕಟ್ಟೆಯ ಮೇಲೆ, ದೇವರ ಪಟಗಳು ನೆರೆಮನೆಯ ಗೂಡಿನಲ್ಲಿ! ಅಂಥ ಹೊತ್ತಿನಲ್ಲಿ ಸುಣ್ಣದವನು ಕುಂಚ ಕೆಳಗಿಟ್ಟು ಹೊರಟುಹೋದರೆ ಮನೆಯವರ ಗತಿಯೇನು? ಹಳೆಯ ಮನೆಯೂ ಇಲ್ಲ, ಹೊಸ ಮನೆಯೂ ಇಲ್ಲ. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯು ಹೊಸದಾಗುತ್ತಿರುವಾಗ ನಡುವೆ ವಿದ್ಯುತ್ತು ಹೋದರೆ ಆಗುವ ಪಾಡೂ ಇದೇ.

ನರಗುಂದದ ಗುಡ್ಡದ ಅಡಿಯ ಓಣಿಯೊಂದರಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆ. ಅವರ ಪತ್ನಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಮಾಸ್ತರರು ಎಂದೋ ವಹಿಗಳಲ್ಲಿ ಬರೆದಿಟ್ಟುಕೊಂಡಿದ್ದರು. ಆಕೆ ತೀರಿಕೊಂಡ ಮೇಲೆ, ಒಂಟಿತನದ ಮಧ್ಯಾಹ್ನಗಳಲ್ಲಿ, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತ ಅವನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿದರು. ಮರುವರ್ಷ ಮಳೆಗಾಲದಲ್ಲಿ ವಹಿಗಳಿಗೆ ಗೆದ್ದಲು ಹತ್ತಿತು. ಹೀಗೆ ಆ ಹಾಡುಗಳಿಗೆ ಜಗತ್ತಿನಲ್ಲಿ ಉಳಿದದ್ದು ಅದೊಂದೇ ನೆಲೆ.

ಒಂದು ರಾತ್ರಿ ಪರದೆಯ ಮೇಲೆ ನವೀಕರಣದ ಸೂಚನೆ ಮೂಡಿತು. ಯಂತ್ರವನ್ನು ಆರಿಸಬಾರದೆಂಬ ಎಚ್ಚರಿಕೆಯೂ ಮೂಡಿತು. ಎಣಿಕೆ ಶೇಕಡಾ 60ಕ್ಕೆ ಬಂದಿರಬೇಕು, ಓಣಿಯ ದೀಪಗಳೆಲ್ಲ ಒಮ್ಮೆಲೇ ಆರಿದವು. ಅರ್ಧ ತಾಸಿನ ಮೇಲೆ ಕರೆಂಟು ಬಂತು. ಯಂತ್ರವು ಮಾತ್ರ ಬರಲಿಲ್ಲ. ಚುಕ್ಕೆಗಳು ಸುತ್ತುವುದು, ಆರುವುದು, ಮತ್ತೆ ಸುತ್ತುವುದು. ಮರುದಿನ ಅದನ್ನು ಪೇಟೆಗೆ ಹೊತ್ತೊಯ್ದಾಗ ರಿಪೇರಿಯವನು ಕಣ್ಣೆತ್ತದೆಯೇ ಹೇಳಿದ:

“ಫಾರ್ಮ್ಯಾಟ್ ಹೊಡದ್ರ ಎರಡು ತಾಸಿನ ಕೆಲಸ ನೋಡ್ರಿ, ಮಾಸ್ತರ್ರ.”

“ಒಳಗಿನ ಹಾಡು?”

“ಒಳಗ ಏನಿದ್ರೂ ಹೋಗೋದ ಐತ್ರಿ.”

ಮಾಸ್ತರರು ಮರುಮಾತಾಡದೆ ಯಂತ್ರವನ್ನು ಮನೆಗೆ ತಂದರು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೊಮ್ಮಗಳು ರವಿವಾರ ಬರುವವರೆಗೂ ಅದರ ಮೇಲೆ ಒಂದು ಬಿಳಿಯ ಪಂಚೆ ಹೊದಿಸಿಟ್ಟರು.

ಇಷ್ಟೆಲ್ಲ ತೊಂದರೆ ಕೊಡುವ ನವೀಕರಣವಾದರೂ ಏತಕ್ಕೆ ಎಂದು ವಾಚಕರು ಕೇಳಬಹುದು. ಬಹಳ ಮನೆಗಳಲ್ಲಿ ಅದನ್ನು ತಡೆಹಿಡಿದು ನೆಮ್ಮದಿಯಾಗಿರುವವರೂ ಉಂಟು. ಆದರೆ ಆ ನೆಮ್ಮದಿ ಬಿರುಕು ಬಿಟ್ಟ ಕೋಟೆಯೊಳಗಿನ ನಿದ್ರೆಯಂತೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನ ಒಂದು ಬಿರುಕಿಗೆ ತೇಪೆಯನ್ನು ಹೊರಡಿಸಿತು. ಅದನ್ನು ಹಾಕಿಸಿಕೊಳ್ಳದ ಯಂತ್ರಗಳನ್ನೇ ಹುಡುಕಿಕೊಂಡು ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಹೊರಟಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಬಿತ್ತು. ಬೀಗ ತೆಗೆಯಲು ಹಣ ಕೇಳಲಾಯಿತು. ತೇಪೆ ಬಂದು ಎರಡು ತಿಂಗಳಾಗುತ್ತ ಬಂದಿತ್ತು. ಹಾಕಿಸಿಕೊಳ್ಳುವವರಿಗೆ ಬಿಡುವಾಗಿರಲಿಲ್ಲ, ಅಷ್ಟೆ!

ಆದಕಾರಣ ನವೀಕರಣ ಬೇಕು. ಅದು ಕೆಡುವ ಕಾರಣಗಳಾದರೂ ಎಣಿಸಲಾರದಷ್ಟಿಲ್ಲ. ತಟ್ಟೆಯಲ್ಲಿ ಬರಿದು ಸ್ಥಳ ಸಾಲದಿರುವುದು, ಅಂತರ್ಜಾಲದಿಂದ ಬಂದ ಕಡತ ಮುಕ್ಕಾಗಿರುವುದು, ಮುದ್ರಣಯಂತ್ರ ಮೊದಲಾದವುಗಳ ಚಾಲಕ ತಂತ್ರಾಂಶ ಹೊಂದದಿರುವುದು, ಹೊರಗಿನಿಂದ ತಂದು ಹಾಕಿದ ವೈರಸ್ ನಿರೋಧಕವು ಅಡ್ಡ ಬರುವುದು, ನಡುವೆ ವಿದ್ಯುತ್ತು ಕೈಕೊಡುವುದು: ಬಹುಪಾಲು ಇಷ್ಟೆ. ಎಷ್ಟೋ ವೇಳೆ ಯಂತ್ರವು ತನ್ನ ಸೋಲನ್ನು ತಾನೇ ಅರಿತು, ಮಾಡಿದ ಬದಲಾವಣೆಗಳನ್ನು ಹಿಂದೆಗೆದುಕೊಂಡು, ಹಳೆಯ ಸ್ಥಿತಿಗೆ ಮರಳುತ್ತದೆ. ಅದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ಪೆಟ್ಟಿಗೆಯ ಮುಂದಿನ ಸಣ್ಣ ದೀಪ ಮಿನುಗುತ್ತಿರುವವರೆಗೂ ಒಳಗೆ ಕೆಲಸ ನಡೆದಿದೆಯೆಂದು ತಿಳಿಯಬೇಕು. ಆ ವೇಳೆಯಲ್ಲಿ ಗುಂಡಿಯೊತ್ತುವ ಕೈಯೇ ಅರ್ಧ ಹಾನಿಗೆ ಕಾರಣ.

ಯಂತ್ರವು ಏಳುತ್ತಿದ್ದು ನವೀಕರಣವೊಂದೇ ಮತ್ತೆಮತ್ತೆ ಸೋಲುತ್ತಿದ್ದರೆ ಚಿಂತೆ ಕಡಮೆ. ಪೆನ್‌ಡ್ರೈವ್, ಪ್ರಿಂಟರ್ ಮುಂತಾದ ಹೊರಗಿನ ಸಲಕರಣೆಗಳನ್ನು ಬಿಡಿಸಿ, ಇಪ್ಪತ್ತು ಗಿಗಾಬೈಟಿನಷ್ಟು ಸ್ಥಳ ತೆರವು ಮಾಡಿ, ಒಮ್ಮೆ ಆರಿಸಿ ಹೊತ್ತಿಸಿ ನೋಡುವುದು ಮೊದಲ ಮೆಟ್ಟಿಲು. ಸೆಟ್ಟಿಂಗ್ಸ್‌ನಲ್ಲಿರುವ ‘ಟ್ರಬಲ್‌ಶೂಟ್’ ಎಂಬ ಪರೀಕ್ಷಕನನ್ನು ಓಡಿಸುವುದು ಎರಡನೆಯದು. ಆಗಲೂ ಆಗದಿದ್ದರೆ, ನವೀಕರಣದ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಕಡತಕೋಶದಲ್ಲಿರುವ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬ ಉಗ್ರಾಣಕ್ಕೆ ಬೇರೆ ಹೆಸರಿಟ್ಟು, ಸೇವೆಯನ್ನು ಮರಳಿ ಆರಂಭಿಸಬೇಕು. ಮುಕ್ಕಾದ ಕಾಳಿನ ಚೀಲ ಬದಿಗೆ ಸರಿದೊಡನೆ ಯಂತ್ರವು ಹೊಸ ಚೀಲವನ್ನು ತಾನೇ ತರಿಸಿಕೊಳ್ಳುತ್ತದೆ. ವ್ಯವಸ್ಥೆಯ ಕಡತಗಳೇ ಕೆಟ್ಟಿದ್ದರೆ ಮೊದಲು ‘ಡಿಸ್ಮ್’, ಅನಂತರ ‘ಎಸ್‌ಎಫ್‌ಸಿ’ ಎಂಬ ಎರಡು ದುರಸ್ತಿಕಾರರನ್ನು ಅದೇ ಕ್ರಮದಲ್ಲಿ ಕರೆಯಬೇಕು; ಮೊದಲನೆಯವನು ಸಾಮಗ್ರಿಯನ್ನು ಸರಿಪಡಿಸುತ್ತಾನೆ, ಎರಡನೆಯವನು ಆ ಸಾಮಗ್ರಿಯಿಂದ ಗೋಡೆಯನ್ನು ಸರಿಪಡಿಸುತ್ತಾನೆ.

ಮಾಸ್ತರರ ಯಂತ್ರವಾದರೋ ಏಳುತ್ತಲೇ ಇರಲಿಲ್ಲ. ರವಿವಾರ ಬಂದ ಮೊಮ್ಮಗಳು ಪಂಚೆ ಸರಿಸುತ್ತ ಕೇಳಿದಳು:

“ಅಜ್ಜಾ, ಬ್ಯಾರೆ ಕಡೆ ಎಲ್ಲ್ಯರ ನಕಲು ಇಟ್ಟೀರೇನು?”

“ಇಲ್ಲ ತಂಗಿ. ಎಲ್ಲಾ ಅದರೊಳಗ ಐತಿ.”

ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. “ಹಂಗಾದ್ರ ಮೊದಲ ಹಾಡು ಹೊರಗ ತಗಿಯೋಣು. ಯಂತ್ರದ ವಿಚಾರ ಆಮ್ಯಾಲ.”

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರದ ಸಾರವಿದೆ. ವಿಂಡೋಸ್ ಮೇಲಿಂದ ಮೇಲೆ ಏಳಲಾರದೆ ಹೋದಾಗ ತಾನಾಗಿಯೇ ನೀಲಿಯ ಪರದೆಯೊಂದನ್ನು ತೆರೆಯುತ್ತದೆ. ಅದು ದುರಸ್ತಿಯ ಅಂಗಳ. ಅಲ್ಲಿ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಿಟಕಿಯಲ್ಲಿ ‘ನೋಟ್‌ಪ್ಯಾಡ್’ ಎಂದು ಬರೆದರೆ ಸಾದಾ ಬರಹದ ಹಲಗೆ ತೆರೆಯುತ್ತದೆ. ಅದರ ‘ಓಪನ್’ ಪೆಟ್ಟಿಗೆಯಲ್ಲಿ ಎಲ್ಲ ಬಗೆಯ ಕಡತಗಳನ್ನೂ ತೋರಿಸುವಂತೆ ಆಯ್ದುಕೊಂಡರೆ ಯಂತ್ರದೊಳಗಿನ ಕಪಾಟುಗಳೆಲ್ಲ ಕಾಣುತ್ತವೆ. ಬೇಕಾದ ಕಡತವನ್ನು ನಕಲಿಸಿ ಪೆನ್‌ಡ್ರೈವಿಗೆ ಅಂಟಿಸಬಹುದು. ‘ಸಿ’ ಎಂಬ ಕಪಾಟು ಅಲ್ಲಿ ಬೇರೆ ಅಕ್ಷರ ಹೊತ್ತು ನಿಂತಿದ್ದರೆ ಗಾಬರಿ ಬೇಡ. ಬಿಟ್‌ಲಾಕರ್ ಎಂಬ ಬೀಗವಿರುವ ಯಂತ್ರವಾದರೆ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡವನೇ ಜಾಣ.

ಹಾಡುಗಳು ಹೊರಬಂದ ಮೇಲೆ ಹುಡುಗಿ ‘ಸ್ಟಾರ್ಟ್‌ಅಪ್ ರಿಪೇರ್’ ಪ್ರಯತ್ನಿಸಿದಳು, ಫಲವಾಗಲಿಲ್ಲ. ಕಡೆಯ ನವೀಕರಣವನ್ನು ಕಿತ್ತುಹಾಕುವ ಮಾರ್ಗ ಹಿಡಿದಳು, ಅದೂ ಸಾಗಲಿಲ್ಲ. ಕೊನೆಗೆ ‘ರೀಸೆಟ್’ ಒತ್ತಿ, ‘ನನ್ನ ಕಡತಗಳನ್ನು ಉಳಿಸು’ ಎಂಬರ್ಥದ ಆಯ್ಕೆಯನ್ನು ಹಿಡಿದಳು. ಇದರಲ್ಲಿ ಬರಹ, ಚಿತ್ರಗಳು ಉಳಿಯುತ್ತವೆ. ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಸಂಜೆಯ ಹೊತ್ತಿಗೆ ಯಂತ್ರವು ಕಣ್ಣು ತೆರೆಯಿತು.

ಮಾಸ್ತರರು ನಡುಗುವ ಕೈಯಿಂದ ಕಡತ ತೆರೆದರು. ಕನ್ನಡದ ಒಂದಕ್ಷರವೂ ಇರಲಿಲ್ಲ! ಹಾಳೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವರು ಕನ್ನಡಕ ತೆಗೆದು ಗೋಡೆಯ ಕಡೆ ಮುಖ ಮಾಡಿ ಕುಳಿತರು.

ಹಾಡುಗಳೇನೋ ಅಲ್ಲೇ ಇದ್ದವು. ಮಾಸ್ತರರು ಬರೆದದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಮಾದರಿಯಲ್ಲಿ. ಅಂಥ ಬರಹವು ಒಳಗೆ ರೋಮನ್ ಅಕ್ಷರಗಳ ಸಂಕೇತದಲ್ಲೇ ಇರುತ್ತದೆ. ಅದಕ್ಕೆ ಕನ್ನಡದ ಉಡುಗೆ ತೊಡಿಸುವುದು ‘ನುಡಿ’ಯ ಅಕ್ಷರಮಾದರಿ. ರೀಸೆಟ್ಟಿನಲ್ಲಿ ಆ ಉಡುಗೆ ಹೋಗಿತ್ತು, ಒಡಲು ಉಳಿದಿತ್ತು. ಹುಡುಗಿ ‘ನುಡಿ’ಯನ್ನು ಮರಳಿ ಸ್ಥಾಪಿಸಿದೊಡನೆ ಸಾಲುಸಾಲಾಗಿ ಕನ್ನಡ ಎದ್ದು ನಿಂತಿತು. ಅಂದೇ ರಾತ್ರಿ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದ್ದಾಯಿತು; ಇನ್ನು ಯಾವ ಯಂತ್ರದಲ್ಲಾದರೂ ಅದು ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ.

ನವೀಕರಣವನ್ನು ಹೊರಡಿಸುವವರೂ ತಪ್ಪದವರಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯೊಂದು ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸಿ, ತಿದ್ದಿ, ನವೆಂಬರ್ 13ರಂದು ಮತ್ತೆ ಹೊರಡಿಸಬೇಕಾಯಿತು. ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವು ವಿಂಡೋಸ್ 11ನ್ನು ಒಪ್ಪಲಾರೆನೆಂದರೆ ಅದು ಕೆಟ್ಟಿದೆಯೆಂದಲ್ಲ, ‘ಟಿಪಿಎಂ 2.0’ ಎಂಬ ಭದ್ರತಾ ಅಂಗ ಮೊದಲಾದವು ಅದರಲ್ಲಿಲ್ಲದೆ ಇರಬಹುದು. ಅಂಥದನ್ನು ನವೀಕರಣದ ಸೋಲೆಂದು ಭ್ರಮಿಸಿ ರಿಪೇರಿಗೆ ಹಣ ಸುರಿಯಬಾರದು.

ಮಾಸ್ತರರ ಮನೆಯಲ್ಲಿ ಈಗ ಯಂತ್ರದ ಪಕ್ಕದಲ್ಲಿ ಯುಪಿಎಸ್ ಬಂದು ಕುಳಿತಿದೆ. ಹಾಡುಗಳ ಒಂದು ಪ್ರತಿ ಹುಬ್ಬಳ್ಳಿಯಲ್ಲಿ ಮೊಮ್ಮಗಳ ಬಳಿ ಇದೆ. ಇನ್ನೊಂದು ಕಾಗದದ ಮೇಲೆ ಅಚ್ಚಾಗಿ ದೇವರ ಗೂಡಿನಲ್ಲಿದೆ. ಬಿತ್ತನೆಗೆಂದು ತೆಗೆದಿಟ್ಟ ಜೋಳವನ್ನು ನಮ್ಮ ಹಿರಿಯರು ಒಂದೇ ಹಗೇವಿನಲ್ಲಿ ಇಡುತ್ತಿರಲಿಲ್ಲ. ಗೆದ್ದಲು ವಹಿಯನ್ನು ತಿನ್ನುತ್ತದೆ, ಕತ್ತಲೆ ಯಂತ್ರವನ್ನು ತಿನ್ನುತ್ತದೆ. ಎರಡೂ ಒಂದೇ ದಿನ, ಮೂರು ಮನೆಗಳಿಗೆ ಬರುವುದು ಅಪರೂಪ.